ಪಾರ್ಕ್ ಫುಲ್ ಆದ ದಿನ ಯಾವುದು ವಾಸಿ? ಫಾಸ್ಟ್ ಟಿಕೆಟ್, ಬೇಗ ಹೋಗುವುದು, ಸಣ್ಣ ಪಾರ್ಕ್, ಇಲ್ಲವೇ ಗಡಿ ದಾಟುವುದು

ಓಣಂ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಟ, ರೈಡ್, ನೀರಿನ ಆಟ ಇರುವ ಪಾರ್ಕಿಗೆ ಹೋಗೋಣ. ಆಯ್ಕೆಗೇನೂ ಬರ ಇಲ್ಲ. ತೆಂಕಕ್ಕೆ ಹೋದರೆ ಪರಶ್ಶಿನಿಕಡವಿನ ವಿಸ್ಮಯ ಉಂಟು, ಇನ್ನೂ ಕೆಳಗೆ ಕೊಚ್ಚಿಯ ಪಳ್ಳಿಕ್ಕರದಲ್ಲಿ ವಂಡರ್‌ಲಾ. (ನಮ್ಮ ಬೇಕಲದ ಹತ್ತಿರದ ಪಳ್ಳಿಕ್ಕರೆ ಅಲ್ಲ, ಅದು ಬೇರೆ. 2000ದಲ್ಲಿ ಕೊಚ್ಚಿಯ ಈ ವಂಡರ್‌ಲಾ ವೀಗಾಲ್ಯಾಂಡ್ ಎಂದು ಶುರುವಾದದ್ದು, ಹಿರಿಯರ ಬಾಯಲ್ಲಿ ಈಗಲೂ ಅದೇ ಹೆಸರು.) ಬಡಗಕ್ಕೆ ಹೋದರೆ ಮಂಗಳೂರಿನ ಪಿಲಿಕುಳದಲ್ಲಿ ಮಾನಸ. ಘಟ್ಟ ಹತ್ತಿದರೆ ಮೈಸೂರಿನಲ್ಲಿ ಜಿಆರ್‌ಎಸ್, ಬಿಡದಿಯಲ್ಲಿ 2005ರಲ್ಲಿ ತೆರೆದ ಇನ್ನೊಂದು ವಂಡರ್‌ಲಾ.

ಯಾವ ಪಾರ್ಕಿನ ರೈಡ್ ಚೆನ್ನಾಗಿದೆ ಅಂತ ನಾನು ಹೇಳಲು ಹೊರಟಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಜನ ತುಂಬಿ ತುಳುಕುವ ದಿನವೇ ಹೋಗಬೇಕಾಗಿ ಬಂದರೆ ಏನು ಮಾಡಬಹುದು, ನಾವು ಮನೆಯವರು ಮಾಡಿ ನೋಡಿದ ದಾರಿಗಳಲ್ಲಿ ಯಾವುದು ಎಷ್ಟು ಉಪಯೋಗಕ್ಕೆ ಬಂತು, ಅದನ್ನು ಮಾತ್ರ ಬರೆಯುತ್ತೇನೆ. ಎಲ್ಲಿ ಏನಾಯಿತು ಎಂದು ಪಾರ್ಕಿನ ಹೆಸರು ಹಿಡಿದು ಹೇಳಲ್ಲ. ದೊಡ್ಡದು, ಸಣ್ಣದು ಅಷ್ಟೇ. ತುಂಬಿದ ಮೇಲೆ ಎಲ್ಲ ಪಾರ್ಕಿನ ಅವಸ್ಥೆಯೂ ಹೆಚ್ಚುಕಡಿಮೆ ಒಂದೇ.

ಗೇಟಿನಲ್ಲಿ "ಇವತ್ತು ಟಿಕೆಟ್ ಇಲ್ಲ" ಎಂದು ಹೇಳುವುದು ತೀರಾ ಕೊನೆಗೆ. ಅದಕ್ಕಿಂತ ಎಷ್ಟೋ ಮೊದಲು ರೈಡ್‌ಗಳು ಫುಲ್ ಆಗಿರುತ್ತವೆ. ಪಾರ್ಕಿನ ಜಾಗದ ಲೆಕ್ಕ ಬೇರೆ, ರೈಡ್‌ನ ಲೆಕ್ಕ ಬೇರೆ. ಒಂದು ರೋಲರ್ ಕೋಸ್ಟರ್ ರೈಲಿನಲ್ಲಿ 24 ಸೀಟು, ಎರಡು ನಿಮಿಷಕ್ಕೊಮ್ಮೆ ಹೊರಡುತ್ತದೆ ಎಂದಿಟ್ಟುಕೊಳ್ಳಿ, ಗಂಟೆಗೆ 720 ಜನ ಆಯಿತು. ಅದೂ ಒಂದು ಸೀಟೂ ಖಾಲಿ ಹೋಗದೆ, ಯಾರೂ ಚಪ್ಪಲಿ ಬಿಚ್ಚಲು, ಬೆಲ್ಟ್ ಹಾಕಲು ತಡ ಮಾಡದಿದ್ದರೆ. ಮೇಲಕ್ಕೆ ಏರಿಸಿ ಧೊಪ್ಪನೆ ಕೆಳಗೆ ಬಿಡುವ ಟವರ್‌ನಲ್ಲಿ 16 ಸೀಟು, ಒಂದು ಸುತ್ತಿಗೆ ಹತ್ತಿ ಇಳಿಯುವುದೂ ಸೇರಿ ನಾಲ್ಕು ನಿಮಿಷ ಅಂದರೆ ಗಂಟೆಗೆ 240 ಜನ ಮಾತ್ರ. ವಾಟರ್ ಸ್ಲೈಡ್ ಇನ್ನೂ ಕಡಿಮೆ, ಅರ್ಧ ನಿಮಿಷಕ್ಕೊಬ್ಬರಂತೆ ಬಿಟ್ಟರೂ ಗಂಟೆಗೆ 120, ಯಾಕೆಂದರೆ ಮೊದಲು ಜಾರಿದವ ಕೆಳಗಿನ ನೀರಿನಿಂದ ಎದ್ದು ಬದಿಗೆ ಸರಿಯುವ ತನಕ ಮೇಲಿನವನನ್ನು ಬಿಡುವಂತಿಲ್ಲ. ಜನ ಜಾಸ್ತಿ ಬಂದರು ಅಂತ ಈ ವೇಗ ಜಾಸ್ತಿ ಆಗುವುದಿಲ್ಲ. ಎರಡನೇ ರೈಲು ಇದ್ದರೆ ಅದನ್ನೂ ಹಳಿಗೆ ಇಳಿಸಬಹುದು, ಅಷ್ಟೇ. ಆ ಟವರ್ ಮುಂದೆ 480 ಜನ ನಿಂತರೆ ಎರಡು ಗಂಟೆ ಕಾಯಲೇಬೇಕು, ಯಾರನ್ನು ಬೈದರೂ ಪ್ರಯೋಜನ ಇಲ್ಲ.

ಜನರನ್ನು ನಿಜವಾಗಿ ಹಿಡಿದಿಟ್ಟುಕೊಳ್ಳುವುದು ವೇವ್ ಪೂಲ್, ಅಂದರೆ ಯಂತ್ರದಲ್ಲಿ ಅಲೆ ಎಬ್ಬಿಸುವ ಕೊಳ. ಒಮ್ಮೆಗೇ ನೂರಾರು ಜನ ಅದರೊಳಗೆ ಇರುತ್ತಾರೆ. ಅಲೆ ಶುರುವಾಗುವ ಸೈರನ್ ಆದ ಕೂಡಲೇ ಇನ್ನೂ ನೂರಾರು ಜನ ಅತ್ತ ಓಡುತ್ತಾರೆ. ಅದು ಇಲ್ಲದಿದ್ದರೆ ಉಳಿದ ಸಾಲುಗಳು ಎರಡು ಪಟ್ಟು ಆಗುತ್ತಿದ್ದವೋ ಏನೋ. ಆದರೆ ತುಂಬಿದ ದಿನ ವೇವ್ ಪೂಲ್‌ನಲ್ಲಿ ಅಲೆ ಕಾಣಿಸುವುದಿಲ್ಲ, ತಲೆ ಮಾತ್ರ ಕಾಣಿಸುತ್ತದೆ.

ಇನ್ನು ಒಂದೊಂದೇ ದಾರಿ.

ಮೊದಲನೆಯದು ದುಡ್ಡು ಕೊಟ್ಟು ಸಾಲು ತಪ್ಪಿಸುವುದು. ಫಾಸ್ಟ್ ಟಿಕೆಟ್, ಎಕ್ಸ್‌ಪ್ರೆಸ್ ಟಿಕೆಟ್, ಒಂದೊಂದು ಕಡೆ ಒಂದೊಂದು ಹೆಸರು. ನಾವು ಹೋದಾಗ ಇದರ ರೇಟು ಸಾಮಾನ್ಯ ಟಿಕೆಟ್‌ನ ಎರಡು ಪಟ್ಟಿನ ಹತ್ತಿರ ಇತ್ತು. ಬಾವ "ಇಷ್ಟು ದೂರ ಬಂದದ್ದಲ್ವಾ, ತೆಗೆದುಬಿಡುವ" ಎಂದರು. ಅಳಿಯಂದಿರಿಬ್ಬರು ಕಾಲೇಜಿಗೆ ಹೋಗುವವರು, ಅವರಿಗೆ ಆ ದುಡ್ಡು ಪೂರ್ತಿ ವಸೂಲಾಯಿತು, ದೊಡ್ಡ ಕೋಸ್ಟರ್ ಹತ್ತಿ ಇಳಿದು ಮತ್ತೆ ಹತ್ತಿದರು. ನನ್ನ ಸಣ್ಣ ಮಗಳಿಗೆ ಅದೇ ಟಿಕೆಟ್ ದಂಡ. ಎತ್ತರದ ಅಳತೆ ಪಟ್ಟಿಯ ಕೆಳಗೆ ಇರುವ ಮಕ್ಕಳಿಗೆ ದೊಡ್ಡ ರೈಡ್ ಹೇಗೂ ಇಲ್ಲ, ಮಕ್ಕಳ ರೈಡ್‌ನಲ್ಲಿ ಫಾಸ್ಟ್ ಸಾಲೇ ಇರಲಿಲ್ಲ. ತೆಗೆಯುವವರು ಎಷ್ಟು ರೈಡ್‌ಗೆ ಸಿಗುತ್ತದೆ, ಒಂದೊಂದರಲ್ಲಿ ಎಷ್ಟು ಸಲ ಎಂದು ಟಿಕೆಟ್‌ನ ಸಣ್ಣ ಅಕ್ಷರ ಓದಿಯೇ ತೆಗೆಯಿರಿ.

ಇನ್ನೊಂದು ವಿಷಯ. ತೀರಾ ರಶ್ ಇರುವ ದಿನ ಎಲ್ಲರ ತಲೆಗೂ ಇದೇ ಉಪಾಯ ಹೊಳೆದಿರುತ್ತದೆ, ಹಾಗಾಗಿ ಫಾಸ್ಟ್ ಸಾಲೇ ಅರ್ಧ ಗಂಟೆಯದ್ದಾಗುತ್ತದೆ. ಎರಡು ಸಾಲು ಸೇರುವ ಜಾಗದಲ್ಲಿ ನಿಂತು ನೋಡಿ, ಸಿಬ್ಬಂದಿ ಫಾಸ್ಟ್‌ನವರನ್ನು ಒಂದು ಗುಂಪು ಬಿಟ್ಟು ಆಮೇಲೆ ಸಾಮಾನ್ಯ ಸಾಲಿನಿಂದ ನಾಲ್ಕು ಜನರನ್ನು ಬಿಡುತ್ತಾರೆ. ರೈಡ್‌ನ ಸೀಟು ಹೆಚ್ಚಲಿಲ್ಲ, ಹಂಚಿಕೆ ಮಾತ್ರ ಬದಲಾಯಿತು. ನಾವು ನುಸುಳಿ ಹೋಗುವಾಗ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಹೆಂಗಸೊಬ್ಬರು ನೋಡಿದ ನೋಟ ನನಗೆ ಅಷ್ಟೇನೂ ಸುಖ ಕೊಡಲಿಲ್ಲ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದಕ್ಕೆ ಬೇರೆ ದುಡ್ಡು ಇರಲಿಲ್ಲ. ಯಂತ್ರಕ್ಕೆ ಟಿಕೆಟ್ ತೋರಿಸಿದರೆ "ಇಂಥ ಹೊತ್ತಿಗೆ ಬನ್ನಿ" ಎಂದು ಚೀಟಿ ಬರುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. 2021ರಲ್ಲಿ ಅಮೆರಿಕದ ಅವರ ಪಾರ್ಕ್‌ಗಳಲ್ಲಿ ಅದು ಹೋಗಿ ದುಡ್ಡು ಕೊಡುವ ಪದ್ಧತಿ ಬಂತು. ನಮ್ಮಲ್ಲಂತೂ ದೇವಸ್ಥಾನದ ಸ್ಪೆಷಲ್ ದರ್ಶನದ ಸಾಲು ನೋಡಿ ಬೆಳೆದವರಿಗೆ ಇದೇನೂ ಹೊಸತಲ್ಲ ಬಿಡಿ.

ಊಟದ ಸಾಲು, ಲಾಕರ್, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಇದ್ಯಾವುದಕ್ಕೂ ಫಾಸ್ಟ್ ಟಿಕೆಟ್ ಇಲ್ಲ. ಫುಲ್ ಆದ ದಿನ ಮನುಷ್ಯ ಸೋಲುವುದು ಅಲ್ಲೇ.

ಎರಡನೆಯದು, ಗೇಟ್ ತೆಗೆಯುವ ಮೊದಲೇ ಬಾಗಿಲಲ್ಲಿ ನಿಲ್ಲುವುದು. ಪುಕ್ಕಟೆ ಉಪಾಯ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕಾಸರಗೋಡಿನವರಿಗೆ ಇದು ಪುಕ್ಕಟೆ ಅಲ್ಲ. ಬೆಳಿಗ್ಗೆ ಇಲ್ಲಿಂದ ಹೊರಟು ಗೇಟ್ ತೆಗೆಯುವ ಹೊತ್ತಿಗೆ ಕೊಚ್ಚಿಗೆ ಮುಟ್ಟುವುದು ಆಗದ ಮಾತು, ವಂದೇ ಭಾರತ್ ಹತ್ತಿದರೂ ಆಗುವುದಿಲ್ಲ. ಹಿಂದಿನ ದಿನವೇ ಹೋಗಿ ಆಲುವಾದಲ್ಲೋ ಎರ್ನಾಕುಳಂನಲ್ಲೋ ರೂಮು ಮಾಡಬೇಕು. ರೂಮಿನ ಬಾಡಿಗೆ, ರಾತ್ರಿ ಊಟ ಎಲ್ಲ ಸೇರಿಸಿದರೆ ಫಾಸ್ಟ್ ಟಿಕೆಟ್‌ನ ದುಡ್ಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಆದರೂ ನನ್ನ ಮತ ಇದಕ್ಕೇ.

ಯಾಕೆಂದರೆ ಮೊದಲ ಒಂದೂವರೆ ಗಂಟೆಯಲ್ಲಿ ಆಗುವ ರೈಡ್ ಆಮೇಲೆ ಇಡೀ ಮಧ್ಯಾಹ್ನ ನಿಂತರೂ ಆಗುವುದಿಲ್ಲ. ಒಳಗೆ ಹೋದ ಜನ ಬಾಗಿಲ ಹತ್ತಿರ ಕಣ್ಣಿಗೆ ಬಿದ್ದ ಮೊದಲ ರೈಡ್‌ಗೇ ಮುತ್ತಿಕೊಳ್ಳುತ್ತಾರೆ. ನೀವು ಅದನ್ನು ಬಿಟ್ಟು ಸೀದಾ ಹಿಂದಿನ ಮೂಲೆಗೆ ನಡೆಯಿರಿ. ಗಂಟೆಗೆ ಕಡಿಮೆ ಜನರನ್ನು ಹತ್ತಿಸುವ ರೈಡ್ ಯಾವುದೋ ಅದನ್ನು ಮೊದಲು ಮುಗಿಸಿ, ಕೋಸ್ಟರ್ ಆಮೇಲೆ ಆದರೂ ಆದೀತು, ಅದರ ಸಾಲು ಉದ್ದ ಕಂಡರೂ ಬೇಗ ಸಾಗುತ್ತದೆ. ಹನ್ನೆರಡಕ್ಕೆ ಮೊದಲೇ ಊಟ ಮಾಡಿ, ಇಲ್ಲವೇ ಮೂರರ ಮೇಲೆ. ಒಂದು ಗಂಟೆಗೆ ಫುಡ್ ಕೋರ್ಟಿಗೆ ಹೋದರೆ ಬಿರಿಯಾನಿಯ ಟೋಕನ್‌ಗೇ ಒಂದು ರೈಡ್‌ನಷ್ಟು ಹೊತ್ತು ಹೋಗುತ್ತದೆ. ಸಂಜೆ ನೀರಿನ ಆಟ ನಿಲ್ಲಿಸಿದ ಮೇಲೆ ಎಲ್ಲರೂ ಒದ್ದೆ ಬಟ್ಟೆ ಬದಲಿಸಲು ಒಂದೇ ಸಲ ನುಗ್ಗುತ್ತಾರಲ್ಲ, ಅದಕ್ಕೆ ಅರ್ಧ ಗಂಟೆ ಮೊದಲು ನೀವು ಬಟ್ಟೆ ಬದಲಿಸಿ ಬಂದಿದ್ದರೆ ಒಣ ರೈಡ್‌ಗಳು ಬೆಳಗಿನಷ್ಟೇ ಖಾಲಿ ಸಿಗುತ್ತವೆ. ಇದನ್ನು ಕಂಡುಹಿಡಿದದ್ದು ಅತ್ತಿಗೆ. ಅವರಿಗೆ ಒದ್ದೆ ಬಟ್ಟೆಯಲ್ಲಿ ನಿಲ್ಲುವುದೇ ಆಗುವುದಿಲ್ಲ, ಆ ಕಾರಣಕ್ಕೆ ಬೇಗ ಎದ್ದದ್ದು ನಮಗೆಲ್ಲ ಉಪಕಾರವಾಯಿತು.

ಫಾಸ್ಟ್ ಟಿಕೆಟ್ ಮತ್ತು ಬೇಗ ಹೋಗುವುದು, ಎರಡನ್ನೂ ಪಕ್ಕಪಕ್ಕ ಇಟ್ಟರೆ ದೊಡ್ಡ ಮಕ್ಕಳ ಗುಂಪಿಗೆ ಮೊದಲನೆಯದು, ಸಣ್ಣವರು ಮುದುಕರು ಇರುವ ಸಂಸಾರಕ್ಕೆ ಎರಡನೆಯದು. ನಮ್ಮ ಅಮ್ಮ ರೈಡ್ ಹತ್ತುವವರೇ ಅಲ್ಲ, ಆದರೆ ಬೆಳಿಗ್ಗೆ ಬೇಗ ಹೋದ ದಿನ ಅವರಿಗೆ ನೆರಳಲ್ಲಿ ಒಂದು ಬೆಂಚ್ ಸಿಕ್ಕಿತ್ತು. ಹನ್ನೊಂದರ ಮೇಲೆ ಹೋದರೆ ಬೆಂಚೂ ಇಲ್ಲ, ನೆರಳೂ ಇಲ್ಲ.

ಮೂರನೆಯದು ಹತ್ತಿರದ ಸಣ್ಣ ವಾಟರ್ ಪಾರ್ಕ್. ಇದರ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಖರ್ಚು ಕಡಿಮೆ, ರಾತ್ರಿ ಮನೆಗೆ ಬಂದು ಮಲಗಬಹುದು, ಪರಶ್ಶಿನಿಕಡವಿಗೆ ಹೋದರೆ ಮುತ್ತಪ್ಪನ ದರ್ಶನವೂ ಆಗುತ್ತದೆ. ಆದರೆ ಸಣ್ಣ ಪಾರ್ಕ್ ತುಂಬಲು ಹೆಚ್ಚು ಜನ ಬೇಕಾಗಿಲ್ಲ. ಎರಡು ಶಾಲೆಯ ಟೂರ್ ಬಸ್ ಬಂದರೆ ಮುಗಿಯಿತು. ಒಂದು ಸಣ್ಣ ಪಾರ್ಕಿನಲ್ಲಿ ನಮಗೆ ಲಾಕರ್ ಖಾಲಿ ಇಲ್ಲ ಎಂದರು, ಚೀಲ ಕಾಯಲು ಒಬ್ಬರು ಕೂರಲೇಬೇಕಾಯಿತು, ಸರದಿಯ ಮೇಲೆ ಕೂತೆವು. ಮಳೆಗಾಲದಲ್ಲಿ, ಕಲೆಕ್ಟರ್ ಮಳೆ ರಜೆ ಕೊಟ್ಟ ಮರುದಿನ ಬಿಸಿಲು ಬಂದರೆ, ಆಗ ಮಾತ್ರ ಸಣ್ಣ ಪಾರ್ಕಿನಷ್ಟು ಗಮ್ಮತ್ತು ಬೇರೆ ಇಲ್ಲ, ಹೆಚ್ಚು ಕಡಿಮೆ ಪೂಲ್ ನಿಮ್ಮದೇ. ಸಿಡಿಲು ಗುಡುಗು ಬಂದರೆ ಸ್ಲೈಡ್ ನಿಲ್ಲಿಸುತ್ತಾರೆ, ಅದು ಗೊತ್ತಿರಲಿ. ನಿಲ್ಲಿಸಲೇಬೇಕು ಕೂಡ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಗಡಿಯಲ್ಲಿ ಇರುವವರಿಗೆ ಮಾತ್ರ ಸಿಗುವ ಸವಲತ್ತು. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದರೂ ಶಾಲೆ ಕೇರಳದ್ದು, ರಜೆಯೂ ಕೇರಳದ್ದೇ. ಓಣಂಗೆ ಸುಮಾರು ಹತ್ತು ದಿನ ರಜೆ. ಆಗ ಕೇರಳದ ಪಾರ್ಕ್‌ಗಳಲ್ಲಿ ಕಾಲಿಡಲು ಜಾಗ ಇಲ್ಲ, ಆದರೆ ಘಟ್ಟದ ಮೇಲೆ ಶಾಲೆಗಳು ನಡೆಯುತ್ತಿರುತ್ತವೆ. ವಾರದ ನಡುವಿನ ದಿನ ನೋಡಿ ಆ ಕಡೆಯ ಪಾರ್ಕಿಗೆ ಹೋದರೆ ಅದೇ ತರದ ರೈಡ್, ಸಾಲು ಮಾತ್ರ ಅರ್ಧಕ್ಕರ್ಧ ಇಲ್ಲ. ಅಕ್ಕ ಸುಳ್ಯದಲ್ಲಿ ಇರುವುದು, ಅವರ ಮಕ್ಕಳಿಗೆ ದಸರಾ ರಜೆ ಉದ್ದ. ಅವರು ಇದನ್ನೇ ತಿರುಗಿಸಿ ಮಾಡುತ್ತಾರೆ, ದಸರೆಗೆ ಮೈಸೂರು ಕಡೆ ತಲೆ ಹಾಕದೆ ಕೇರಳಕ್ಕೆ ಇಳಿಯುತ್ತಾರೆ. ಆಗ ಇಲ್ಲಿ ಪೂಜೆ ರಜೆ ಬಿಟ್ಟರೆ ಶಾಲೆ ಇರುತ್ತದೆ. ಒಂದೇ ಮನೆಯ ಮಕ್ಕಳು ಒಟ್ಟಿಗೆ ಹೋಗಲು ಆಗುವುದಿಲ್ಲ ಎನ್ನುವುದೇ ಇದರ ಕೊರತೆ, ಅಕ್ಕನಿಗೆ ಆ ಬೇಜಾರು ಉಂಟು.

ಲೆಕ್ಕ ತಪ್ಪುವುದೂ ಉಂಟು. ಚೌತಿ ಮತ್ತು ಓಣಂ ಎರಡೂ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೇ ಬರುತ್ತವೆ, 2025ರಲ್ಲಿ ಆಗಸ್ಟ್ 27ಕ್ಕೆ ಚೌತಿ, ಸೆಪ್ಟೆಂಬರ್ 5ಕ್ಕೆ ತಿರುವೋಣಂ. ಹತ್ತಿರ ಬಂದ ವರ್ಷ ಎರಡೂ ಕಡೆ ರಜೆ ಒಂದರ ಮೇಲೊಂದು ಬೀಳುತ್ತದೆ. ಬೆಂಗಳೂರಿನಲ್ಲಿ ಮಲಯಾಳಿಗಳೂ ಕಡಿಮೆ ಇಲ್ಲ, ತಿರುವೋಣಂ ದಿನವೇ ಬಿಡದಿಗೆ ಹೋಗುವುದು ಸುಮ್ನೆ. ಪ್ರಯಾಣದ ವಿಷಯಕ್ಕೆ ಬಂದರೆ, ಕಣ್ಣೂರು-ಬೆಂಗಳೂರು ರೈಲಿನಲ್ಲಿ ರಾತ್ರಿ ಕಳೆಯುತ್ತದೆ, ಒಂದು ರೂಮಿನ ಬಾಡಿಗೆ ಉಳಿಯಿತು. ಮಡಿಕೇರಿ, ಮೈಸೂರು ಮೇಲೆ ಕಾರಿನಲ್ಲಿ ಹೋದರೆ ದಾರಿ ಚಂದ, ಆದರೆ ಘಟ್ಟದ ತಿರುವಿಗೆ ವಾಂತಿ ಮಾಡುವ ಮಕ್ಕಳಿದ್ದರೆ ಪಾರ್ಕಿನ ರೈಡ್ ಅಲ್ಲಿಗೇ ಮುಗಿದ ಹಾಗೆ.

ಈ ನಾಲ್ಕೂ ನಡೆಯದ ವಾರ ಒಂದಿದೆ, ಡಿಸೆಂಬರ್ 25ರಿಂದ ಹೊಸ ವರ್ಷದ ತನಕ. ಆ ವಾರ ದೊಡ್ಡದೂ ಫುಲ್, ಸಣ್ಣದೂ ಫುಲ್, ಗಡಿಯ ಎರಡೂ ಕಡೆ ಫುಲ್. ಜಗತ್ತಿನಲ್ಲೆಲ್ಲ ಹಾಗೇ ಅಂತೆ ಕಾಣುತ್ತದೆ. ಫ್ಲಾರಿಡಾದ ಡಿಸ್ನಿ ಪಾರ್ಕ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೇಟನ್ನು ಹಂತಹಂತವಾಗಿ ಮುಚ್ಚುವ ಪದ್ಧತಿಯೇ ಇತ್ತು, ಮೊದಲು ಆ ದಿನ ಟಿಕೆಟ್ ತೆಗೆಯಲು ಬಂದವರಿಗೆ ಇಲ್ಲ, ಅವರದೇ ಹೋಟೆಲ್‌ನಲ್ಲಿ ಇಳಿದವರಿಗೆ ಕೊನೆಯ ತನಕ ಉಂಟು. ಜನ ನುಗ್ಗುವ ಪೆಟ್ಟು ಅವರೂ ಮೊದಲೇ ತಿಂದವರು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ಕ್ಕೆ ತೆರೆದಾಗ ಕರೆದವರಿಗೆ ಮಾತ್ರ ಪ್ರವೇಶ ಇತ್ತು, ಆದರೆ ನಕಲಿ ಟಿಕೆಟ್ ಹಿಡಿದವರೂ ಸೇರಿ ಸುಮಾರು 28,000 ಜನ ಒಳಗೆ ಬಂದರು. ಕುಡಿಯುವ ನೀರಿನ ನಲ್ಲಿ ಸಾಕಾಗಲಿಲ್ಲ, ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೀಲ್ ಹೂತುಹೋಯಿತು. ಒಳಗೆ ಎಷ್ಟು ಜನರನ್ನು ನಿಲ್ಲಿಸಬಹುದು ಅನ್ನುವುದನ್ನಷ್ಟೇ ಅಲ್ಲ, ಏನಾದರೂ ಆದರೆ ಎಷ್ಟು ಜನ ಬೇಗ ಹೊರಗೆ ಹೋಗಬಹುದು ಅನ್ನುವುದನ್ನೂ ನೋಡಿ ಗೇಟ್ ಮುಚ್ಚಬೇಕಾಗುತ್ತದೆ. ಹಾಗಾಗಿ ಗೇಟಿನಲ್ಲಿ ಇಲ್ಲ ಅಂದರೆ ಸೆಕ್ಯುರಿಟಿಯವರ ಹತ್ತಿರ ಜಗಳಕ್ಕೆ ನಿಲ್ಲಬೇಡಿ.

ಆ ವಾರವೇ ಹೋಗಬೇಕೆಂದಿದ್ದರೆ ತಾರೀಕು ಹಾಕಿದ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಡಿ, ಕೌಂಟರ್ ನಂಬಿ ಕಾಸರಗೋಡಿನಿಂದ ಹೊರಡಬೇಡಿ. ಒಂದು ಕೋಸ್ಟರ್, ಒಂದು ವೇವ್ ಪೂಲ್, ಒಂದು ಊಟ ಆದರೆ ಸಾಕು ಎಂದು ಮಕ್ಕಳ ಹತ್ತಿರ ರೈಲಿನಲ್ಲೇ ಮಾತಾಡಿಕೊಳ್ಳಿ. ಯಾವ ಕೋಸ್ಟರ್ ಎನ್ನುವ ಜಗಳವೂ ರೈಲಿನಲ್ಲೇ ಮುಗಿಯಲಿ.