ಕಲಬುರಗಿ ಜಗತ್ ಸರ್ಕಲ್ ಕಡಿ ಪಾಡ್‌ಕಾಸ್ಟ್ ಕ್ಲಾಸು: ನಾಲ್ಕು ಸಂಡೇ ಹೋಗಿ ಬಂದು ಬರೀಲಕತ್ತೀನಿ

ನಾಲ್ಕು ಸಂಡೇ ಪೂರಾ ಮುಗಿಸೀನಿ, ಮೊನ್ನೆ ನಂದು ಎರಡನೇ ಎಪಿಸೋಡ್ ಸೈತ ಹೊರಗ ಬಿತ್ತು, ಅದಕ್ಕ ಈಗ ರಿವ್ಯೂ. ಫೀಸ್ 3500, ನಮ್ಮ ಬ್ಯಾಚ್‌ನಾಗ ಒಂಬತ್ತು ಮಂದಿ. ಕಲಸೋರು ಒಬ್ರು ಸರ್, ಒಬ್ರು ಮೇಡಂ, ಇಬ್ರೂ ವರ್ಷಗಟ್ಲೆ ತಮ್ಮ ತಮ್ಮ ಪಾಡ್‌ಕಾಸ್ಟ್ ನಡಸ್ಕೊಂತ ಬಂದವರು. ಅದು ಮೊದಲನೇ ತಾಸಿನಾಗೇ ಗೊತ್ತಾಗ್ತದ, ಯಾಕಂದ್ರ ನಾವೆಲ್ಲಾ ಯಾವ ಮೈಕ್ ತಗೋಬೇಕು ಅಂತ ಕೇಳಿದ್ರ ಅವರು, ಮೈಕ್ ಇರ್ಲಿ, ನೀವು ಯಾರಿಗಿ ಹೇಳ್ಲಕತ್ತೀರಿ, ಅವರು ಅದನ್ನ ಎಲ್ಲಿ ಕೂತು ಕೇಳ್ತಾರ, ಮೊದಲ ಅದು ಹೇಳ್ರಿ ಅಂದ್ರು.

ನಂದು ವಿಷಯ ತೊಗರಿ. ನಮ್ಮಪ್ಪ ಮೂವತ್ತು ವರ್ಷ ದಾಲ್ ಮಿಲ್‌ನಾಗ ದುಡದಾನ, ಕಾಳು ಹಲ್ಲಿನಾಗ ಕಡದು ನೋಡಿ ಇದು ಇನ್ನಾ ಒಣಗಬೇಕು ಅಂತ ಹೇಳ್ತಾನ. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಅನ್ನೋ ಸರ್ಕಾರಿ ಗುರುತು, ಸಿಕ್ತು, ಪೇಪರ್‌ನಾಗೆಲ್ಲಾ ಬಂತು, ಆದ್ರ ಆ ಬ್ಯಾಳಿ ಮಾಡೋ ಮಂದಿ ತಾವೇ ಮಾತಾಡಿದ್ದು ನಾ ಕೇಳಿಲ್ಲ. ಹಿಂದಿನ ವರ್ಷ ಇದಕ್ಕಂತನೇ ಒಂದು ಆನ್‌ಲೈನ್ ಕೋರ್ಸಿಗಿ ರೊಕ್ಕ ಕಟ್ಟಿದ್ದೆ, ಎಲ್ಲಾ ಇಂಗ್ಲಿಷ್ ವಿಡಿಯೋ, ಸರ್ಟಿಫಿಕೇಟ್ ಬಂತು, ಆದ್ರ ನಾ ಮಾಡಿದ್ದು ಒಬ್ರೂ ಕೇಳ್ಲಿಲ್ಲ. ಇಲ್ಲಿ ಕೇಳ್ತಾರ. ನಾ ಐದು ಸ್ಟಾರ್ ಕೊಡ್ಲಕತ್ತಿದ್ದು ಇದೊಂದಕ್ಕೇ.

ಎರಡನೇ ಸಂಡೇ ನನ್ನ ರೆಕಾರ್ಡಿಂಗ್ ಎಲ್ಲರ ಮುಂದ ಹಚ್ಚಿದ್ರು. ಆತ್ಮೀಯ ಕೇಳುಗರೇ ಇಂದಿನ ಸಂಚಿಕೆಗೆ ತಮಗೆಲ್ಲ ಸ್ವಾಗತ ಅಂತ ಶುರು ಮಾಡಿದ್ದೆ. ಮೇಡಂ ಅಲ್ಲೇ ನಿಲ್ಲಿಸಿ, ಮನ್ಯಾಗ ನಿಮ್ಮಪ್ಪನ ಜೋಡಿ ಹಿಂಗೇ ಮಾತಾಡ್ತೀರೇನ್ರಿ ಅಂದ್ರು. ಇಲ್ರಿ ಅಂದೆ. ಮತ್ತ ಮುಂದ ಕೇಳಿಸಿದ್ರು, ಅಪ್ಪ ಮಾತಾಡೋ ಮುಂದ ನಾ ನಡುನಡುವ ಹೂಂ, ಹೂಂ ಅಂತಿದ್ದೆ, ಅದು ಅವನ ಮಾತಿನ ಮ್ಯಾಲೇ ಬಿದ್ದದ, ಒಂದೇ ಮೈಕಿನಾಗ ಬಂದಿದ್ದು ಆಮ್ಯಾಲ ತೆಗೀಲಕ್ಕ ಬರಂಗಿಲ್ಲ. ಹೂಂ ಅನಬ್ಯಾಡ್ರಿ, ತಲಿ ಆಡಿಸ್ರಿ, ಅವರು ಸುಮ್ಮನಾದ್ರೂ ಮೂರು ಎಣಸ್ರಿ, ಆಮ್ಯಾಲ ಕೇಳ್ರಿ ಅಂದ್ರು. ಆ ರಾತ್ರಿನೇ ಮನಿಗಿ ಹೋಗಿ ಮುಷ್ಟಿ ಕಾಳು ಅಪ್ಪನ ಮುಂದ ಇಟ್ಟು, ಅಪ್ಪಾ ಇದು ನೋಡು ಹೆಂಗದ ಅಂದೆ ಅಷ್ಟೇ. ಮಾತು ನಿಲ್ಲಿಸಿದಾಗೆಲ್ಲಾ ನಾ ಮನಸಿನಾಗೇ ಮೂರು ಎಣಸಿದೆ, ಅವ ಕಾಳಿಗಿ ಎಣ್ಣಿ ಹಚ್ಚೋದು, ಬಿಸಲಿಗಿ ಹರವೋದು, ಮಳಿ ಮಾಡ ಬಂದ್ರ ಎಲ್ಲರೂ ಓಡಿ ಓಡಿ ರಾಶಿ ಮಾಡೋದು, ಇಪ್ಪತ್ತು ನಿಮಿಷ ಹೇಳಿದ. ನಾ ಹುಟ್ಟಿದ ದಿನ ಮಿಲ್‌ನಾಗ ನೈಟ್ ಪಾಳಿ ಇತ್ತಂತ, ಅದೂ ಅವತ್ತೇ ನನಗ ಗೊತ್ತಾಗಿದ್ದು.

ಸೌಂಡಿನ ಬಗ್ಗೆ ಸರ್ ಹೇಳಿದ್ದು ನಮ್ಮೂರಿಗಿ ಹೊಂದೋ ಹಂಗ ಇತ್ತು. ಇಲ್ಲಿ ಮೇ ತಿಂಗಳಾಗ ಕೂಲರ್ ಬಂದ್ ಮಾಡಿ ಕೂಡೋದು ಆಗ್ತದೇನ್ರಿ? ಅದಕ್ಕ ನಸಕಿನಾಗ ಐದಕ್ಕ ಎದ್ದು ರೆಕಾರ್ಡ್ ಮಾಡ್ರಿ, ಖಾಲಿ ರೂಮ್ ಗುಂಯ್ ಅಂತದ, ಹಾಸಿಗಿ ಬಟ್ಟಿ ಇರೋ ರೂಮ್‌ನಾಗ ಕೂಡ್ರಿ, ಕಿಟಕಿಗಿ ದಪ್ಪಂದು ಏನರೇ ಕಟ್ರಿ ಅಂದ್ರು. ನಮ್ಮವ್ವನ ಎರಡು ಕೌದಿ ಕಟ್ಟಿದೆ, ಮೊದಲಿಂದು ಆಡಿಯೋ ಮತ್ತ ಇದು ಜೋಡಿ ಹಚ್ಚಿ ಕೇಳಿದ್ರ ಬ್ಯಾರೆ ಮನಿನೇ ಅನಸ್ತದ. ಮಾತು ಶುರು ಮಾಡೋಕಿಂತ ಮೊದಲ ಹತ್ತು ಸೆಕೆಂಡ್ ಸುಮ್ಮ ಕೂತು ರೂಮಿನ ಸಪ್ಪಳ ರೆಕಾರ್ಡ್ ಮಾಡ್ಕೋಬೇಕು, ಆಡಾಸಿಟಿನಾಗ ಅದನ್ನೇ ಹಿಡದು ನಾಯ್ಸ್ ತೆಗೀತಾರ, ಆ ಸಾಫ್ಟ್‌ವೇರ್ ಫ್ರೀನೇ ಅದ. ಮಿಲ್ ಮಿಷಿನ್ ಸಪ್ಪಳ ಬ್ಯಾರೆನೇ ಎರಡು ನಿಮಿಷ ತಗೊಂಡು ಅಪ್ಪನ ಮಾತಿನ ಕೆಳಗ ಸಣ್ಣಗ ಬಿಟ್ಟೀನಿ, ಇದೂ ಸರ್ ಹೇಳಿದ್ದೇ.

ಕಡೀ ಸಂಡೇ ಅಪ್‌ಲೋಡ್ ಮಾಡೋದು. ಒಂದು ಹೋಸ್ಟಿಂಗ್ ಕಡಿ, ಅಂದ್ರ ಆಡಿಯೋ ಇಟ್ಕೊಳ್ಳೋ ವೆಬ್‌ಸೈಟ್‌ನಾಗ, ಆಡಿಯೋ ಏರಿಸಿದ್ರ ಅದು ಆರ್‌ಎಸ್‌ಎಸ್ ಫೀಡ್, ಅಂದ್ರ ಎಲ್ಲಾ ಎಪಿಸೋಡಿನ ಪಟ್ಟಿ ಇರೋ ಒಂದು ಲಿಂಕ್, ಕೊಡ್ತದ, ಆ ಲಿಂಕ್ ಸ್ಪಾಟಿಫೈ, ಆಪಲ್ ಪಾಡ್‌ಕಾಸ್ಟ್ಸ್ ಕಡಿ ಒಂದೇ ಸಲ ಕೊಟ್ರ ಸಾಕು, ಮುಂದಿನ ಎಪಿಸೋಡ್ ತಾವೇ ಹೋಗ್ತಾವ. ಕವರ್ ಫೋಟೋ ಚೌಕ ಇರಬೇಕು, 3000 ಪಿಕ್ಸೆಲ್. ಹಳೇ ವಿಡಿಯೋ ನೋಡಿ ಗೂಗಲ್ ಪಾಡ್‌ಕಾಸ್ಟ್ಸ್ ಹುಡುಕಬ್ಯಾಡ್ರಿ, ಅದು 2024ರಾಗ ಬಂದ್ ಆಗ್ಯಾದ.

ಕೊರತಿ ಅಂದ್ರ, ಒಂಬತ್ತು ಮಂದಿಗಿ ಎರಡೇ ಮೈಕ್, ಪಾಳಿ ಬರೋತನಕ ಸುಮ್ಮ ಕೂಡಬೇಕು. ಮೊದಲನೇ ದಿನ ಮುಕ್ಕಾಲು ತಾಸು ಲೇಟ್ ಶುರು ಮಾಡಿದ್ರು, ದೂರದಿಂದ ಬಸ್ಸಿಗಿ ಬಂದ ಹುಡುಗರಿಗಿ ಭಾಳ ತ್ರಾಸಾಯ್ತು. ಕೇಳೋ ಮಂದಿಗಿ ಹೆಂಗ ಮುಟ್ಟಸಬೇಕು ಅನ್ನೋದು ಕಡೀ ಅರ್ಧ ತಾಸಿನಾಗ ಅವಸರಲೇ ಮುಗಿಸಿದ್ರು, ಅದಕ್ಕ ಇನ್ನೊಂದು ಸಂಡೇ ಇಡ್ರಿ ಅಂತ ಸರ್‌ಗೂ ಹೇಳೀನಿ.

ಹೋಗೋರು ಇದ್ರ ವೈರಿಂದು ಹೆಡ್‌ಫೋನ್ ಮನಿಯಿಂದೇ ತಗೊಂಡು ಹೋಗ್ರಿ, ಅಲ್ಲಿ ಸಾಲಂಗಿಲ್ಲ. ಎರಡನೇ ಸಂಡೇ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬ್ಯಾಡ್ರಿ.