ಸಂಜೇಪುರದ ಗೋಳ ಮಾಡಿಕೊಟ್ಟ ಮೈಸೂರಿನ ಅಂಗಡಿ

ನಾನು ಪಾಂಡವಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಈ ವರ್ಷ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಸೇರಿ ಒಂದು ಗ್ರಹವನ್ನೇ ಕಲ್ಪಿಸಿಕೊಂಡರು. ಹೆಸರು ಸಂಜೇಪುರ. ಅದರ ಒಂದು ಮುಖ ಯಾವಾಗಲೂ ಅದರ ಸೂರ್ಯನ ಕಡೆಗೆ. ಇನ್ನೊಂದು ಮುಖಕ್ಕೆ ಬೆಳಕೇ ಇಲ್ಲ. ನಡುವಿನ ಪಟ್ಟಿಯಲ್ಲಿ ಮಾತ್ರ ಜನ. ಅಲ್ಲಿ ಸೂರ್ಯ ಮುಳುಗುವುದೂ ಇಲ್ಲ, ಮೇಲೇರುವುದೂ ಇಲ್ಲ. ಎರಡು ಚಂದ್ರಗಳಿಗೆ ಮಕ್ಕಳು ಎತ್ತುಗಳ ಹೆಸರಿಟ್ಟರು: ಕೆಂಚ, ಕರಿಯ.

ಇದಕ್ಕೊಂದು ಮಾದರಿ ಬೇಕಿತ್ತು. ಮೈಸೂರಿನ ನಂಜುಮಳಿಗೆ ಕಡೆ ಗಣಪತಿ ಮಾಡುವ ಒಂದು ಸಣ್ಣ ಅಂಗಡಿಗೆ ಹೋದೆ. ಶಾಲೆಗಳಿಗೂ ಮಾದರಿ ಮಾಡಿಕೊಡುತ್ತಾರೆ ಅಂತ ಕೇಳಿದ್ದೆ. ಹಳೇ ಪೇಪರ್ ನೆನೆಸಿ, ಮೆಂತ್ಯದ ಹಿಟ್ಟು ಸೇರಿಸಿ ರುಬ್ಬಿ ಮಾಡುವ ಗೋಳ. ದೊಡ್ಡ ಕಲ್ಲಂಗಡಿಯಷ್ಟು. ನಡುವೆ ಬಲ್ಬು, ಅದರ ಸುತ್ತ ಕಬ್ಬಿಣದ ತೋಳು, ತೋಳಿನ ತುದಿಗೆ ಗ್ರಹ. ಒಟ್ಟು 2,800 ರೂಪಾಯಿ ಆಯಿತು. ಮಾಡಿದ ಕೆಲಸಕ್ಕೆ ಜಾಸ್ತಿ ಅನ್ನಿಸಲಿಲ್ಲ.

ಮೊದಲ ಸಲ ಮಾಡಿದ್ದು ಸರಿಯಾಗಲಿಲ್ಲ. ಗೋಳದ ಕೆಳಗೆ ಬೇರಿಂಗ್ ಹಾಕಿದ್ದರು. ತೋಳು ತಿರುಗಿಸಿದರೆ ಗ್ರಹ ತನ್ನ ಪಾಡಿಗೆ ಎತ್ತಲೋ ಮುಖ ಮಾಡುತ್ತಿತ್ತು. ನಾನು ಕಾಗದದ ಮೇಲೆ ಬರೆದು ಹೇಳಿದೆ: ಒಂದು ಸುತ್ತು ಹೋಗುವಷ್ಟರಲ್ಲಿ ತನ್ನ ಸುತ್ತಲೂ ಸರಿಯಾಗಿ ಒಂದೇ ಸಲ ತಿರುಗಬೇಕು, ನಮ್ಮ ಚಂದ್ರ ಭೂಮಿಯ ಸುತ್ತ 27.3 ದಿನದಲ್ಲಿ ಮಾಡುವ ಹಾಗೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಮೇಡಂ, ನಮ್ಮೂರ ಆಲೆಮನೇಲಿ ಗಾಣಕ್ಕೆ ಎತ್ತು ಕಟ್ತಿದ್ರು. ಎಷ್ಟು ಸುತ್ತು ಹೊಡೆದ್ರೂ ಎತ್ತಿನ ಒಂದೇ ಮಗ್ಗುಲು ಗಾಣದ ಕಡೆ. ಇದೂ ಹಂಗೇ ಅಲ್ವಾ?" ಬೇರಿಂಗ್ ಬಿಚ್ಚಿ, ಗೋಳವನ್ನು ತೋಳಿಗೇ ಗಟ್ಟಿಯಾಗಿ ಬಿಗಿದರು. ಅಷ್ಟೇ! ಹನ್ನೆರಡು ವರ್ಷದಿಂದ ಬೋರ್ಡಿನ ಮೇಲೆ ವೃತ್ತ ಬಿಡಿಸಿ ಹೇಳುತ್ತಿದ್ದೇನೆ. ನನಗೆ ಗಾಣದ ಎತ್ತು ಹೊಳೆದೇ ಇರಲಿಲ್ಲ.

ಚಂದ್ರಗಳ ವಿಷಯದಲ್ಲೂ ಅವರು ಕೇಳಿ ಕೇಳಿ ಕೆಲಸ ಮಾಡಿದರು. ಇಂಥ ಗ್ರಹ ಬಹಳ ನಿಧಾನ ತಿರುಗುತ್ತದೆ. ಮಕ್ಕಳ ಲೆಕ್ಕದಲ್ಲಿ ಒಂದು ಸುತ್ತಿಗೆ 11 ದಿನ. ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಸುತ್ತ 2016ರಲ್ಲಿ ಸಿಕ್ಕ ಗ್ರಹಕ್ಕೆ 11.2 ದಿನ, ಅದನ್ನು ನೋಡಿ ಇಟ್ಟುಕೊಂಡರು. ಚಂದ್ರ ಗ್ರಹದ ತಿರುಗುವಿಕೆಗಿಂತ ಬೇಗ ಸುತ್ತಿದರೆ ಮೆಲ್ಲಗೆ ಒಳಗೆ ಜಾರುತ್ತಾ ಬರುತ್ತದೆ. ಮಂಗಳದ ಫೋಬೋಸ್ ಹಾಗೇ ಬರುತ್ತಿದೆ, 100 ವರ್ಷಕ್ಕೆ ಸುಮಾರು 1.8 ಮೀಟರ್. ಇದನ್ನು ಹೇಳಿದ್ದೇ ತಡ, ಕರಿಯನ ತಂತಿಯನ್ನು ಒಂದು ಸಣ್ಣ ಕೊಳವೆಯೊಳಗೆ ಕೂರಿಸಿದರು. ಈಗ ಮಕ್ಕಳು ಕರಿಯನನ್ನು ಚೂರು ಚೂರೇ ಗ್ರಹದ ಹತ್ತಿರ ತಳ್ಳಬಹುದು. ಸೂರ್ಯ ಅಲ್ಲಾಡದ ಊರಿನಲ್ಲಿ ಹೊತ್ತು ತಿಳಿಯಲು ಈ ಚಂದ್ರಗಳೇ ಗಡಿಯಾರ. ಕೆಂಚ ಮೇಲೆ ಬಂದರೆ ಸ್ಕೂಲಿನ ಗಂಟೆಯಂತೆ!

ಬಣ್ಣ ನನಗೆ ತುಂಬಾ ಇಷ್ಟವಾಯಿತು. ಬಿಸಿಲಿನ ಕಡೆ ಕೆಮ್ಮಣ್ಣು, ಕತ್ತಲ ಕಡೆ ಬಿಳಿ ಹಿಮ, ನಡುವೆ ಬೆರಳಗಲದ ಹಸಿರು. ಪುಟ್ಟ ಮನೆಗಳೆಲ್ಲ ಹಿಮದ ಕಡೆಗೆ ಬೆನ್ನು ಮಾಡಿವೆ. ಬಿಸಿಗಾಳಿ ಮೇಲೇರಿ ಹೋದರೆ ಕೆಳಗೆ ತಣ್ಣನೆ ಗಾಳಿ ಕತ್ತಲ ಕಡೆಯಿಂದಲೇ ಬೀಸಬೇಕಲ್ಲ, ಅದಕ್ಕೆ. ಅದು ನಮ್ಮ ಕ್ಲಾಸಿನ ಒಬ್ಬ ಹುಡುಗಿಯ ಯೋಚನೆ. ಅವರು ಒಂದು ಮನೆಯನ್ನೂ ತಪ್ಪು ಕಡೆ ತಿರುಗಿಸಿಲ್ಲ.

ಕೊರತೆಯೂ ಇದೆ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡವಾಯಿತು. ಹಿಮದ ಬಣ್ಣ ಒಂದು ಕಡೆ ಆಗಲೇ ಏಳುತ್ತಿದೆ. ಬಸ್ಸಿನಲ್ಲಿ ತರುವಾಗ ಕೆಂಚನ ತಂತಿ ಬಗ್ಗಿತು, ಇನ್ನೂ ಸ್ವಲ್ಪ ದಪ್ಪ ತಂತಿ ಹಾಕಬೇಕಿತ್ತು. ಬಲ್ಬು ಬಿಳಿಯದು ಕೊಟ್ಟರು. ಸಂಜೇಪುರದ ಸೂರ್ಯ ಮಂಕು ಕೆಂಪಿನ ಸಣ್ಣ ನಕ್ಷತ್ರ. ಕೆಂಪು ಬಲ್ಬು ನಾನೇ ತಂದು ಹಾಕಿದೆ.

ಗೌರಿ ಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಹೋಗಿ, ಆಮೇಲೆ ಅವರಿಗೆ ಪುರುಸೊತ್ತು ಇರುವುದಿಲ್ಲ. ಫೋನಿನಲ್ಲಿ ಹೇಳಬೇಡಿ. ಚಿತ್ರ ಬರೆದುಕೊಂಡು ಹೋಗಿ, ಎದುರು ಕೂತು ಮಾತಾಡಿ. ಆದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ನಾನು ಒಬ್ಬಳೇ ಹೋಗಿದ್ದೆ. ಆ ಗಾಣದ ಮಾತನ್ನು ಮಕ್ಕಳು ಅವರ ಬಾಯಿಂದಲೇ ಕೇಳಬೇಕಿತ್ತು.