ಉಪ್ಪುಗಾಳಿ ಮತ್ತು ಇಬ್ಬನಿಯ ನಡುವೆ: ಕಾರಿನ ಚಾವಣಿ ಟೆಂಟ್‌ನ ಕೆಲವು ವರ್ಷಗಳ ಬಳಕೆ

ಕಾರಿನ ಚಾವಣಿಯ ಮೇಲೆ ಬಿಗಿಯುವ ಮಡಚು ಟೆಂಟ್ ಕೊಂಡ ಮೇಲೆ ನಾನೂ ನನ್ನ ಪತ್ನಿಯೂ ಕಾರವಾರದಿಂದ ಉಡುಪಿಯವರೆಗಿನ ಕರಾವಳಿಯಲ್ಲೂ ಅದರ ಮಗ್ಗುಲಿನ ಘಟ್ಟದ ಊರುಗಳಲ್ಲೂ ಬಿಡುವಾದಾಗಲೆಲ್ಲ ಅವಸರವಿಲ್ಲದೆ ಸುತ್ತುತ್ತಾ ಬಂದಿದ್ದೇವೆ. ಇಂಥ ನಿಧಾನದ ಪ್ರವಾಸಕ್ಕೆ ಇದಕ್ಕಿಂತ ಒಗ್ಗುವ ಸಲಕರಣೆಯನ್ನು ನಾನು ಕಂಡಿಲ್ಲ. ಆದರೆ ನಮ್ಮ ಪಶ್ಚಿಮ ಘಟ್ಟದ ಹವೆಯಲ್ಲಿ ಇದು ಎಷ್ಟು ವರ್ಷ ಬಾಳುತ್ತದೆ ಎಂಬುದು ಕೊಟ್ಟ ಬೆಲೆಗಿಂತ ಹೆಚ್ಚಾಗಿ ಒಣಗಿಸುವ ಶ್ರದ್ಧೆಯನ್ನು ಅವಲಂಬಿಸಿದೆ.

ಕೊಳ್ಳುವ ಮೊದಲು ನೋಡಬೇಕಾದದ್ದು ತೂಕ. ನಮ್ಮ ಟೆಂಟ್ ಸುಮಾರು 60 ಕೆಜಿ ಇದೆ. ಓಡುವ ಕಾರಿನ ಚಾವಣಿ ಎಷ್ಟು ಭಾರ ಹೊರಬಹುದೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಟೆಂಟ್ ಬಿಗಿಯುವ ಅಡ್ಡಪಟ್ಟಿಗಳ ತೂಕವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ನಿಂತ ಕಾರು ಇದಕ್ಕಿಂತ ಬಹಳ ಹೆಚ್ಚು ತಡೆಯುವುದರಿಂದ ಇಬ್ಬರು ಮಲಗುವುದಕ್ಕೆ ತೊಂದರೆಯಿಲ್ಲ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಮಾತ್ರ ಮೇಲಿನ ಭಾರ ಹೊರಕ್ಕೆ ಎಳೆಯುವುದು ಸ್ಟಿಯರಿಂಗ್‌ನಲ್ಲೇ ಗೊತ್ತಾಗುತ್ತದೆ.

ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಹೆದ್ದಾರಿ ಎಷ್ಟೇ ಚೆಲುವಾಗಿದ್ದರೂ ಅದರ ಅಂಚು ರಾತ್ರಿ ತಂಗುವ ಜಾಗವಲ್ಲ. ನಾವು ಕಡಲಿನ ಹತ್ತಿರದ ಹೋಮ್‌ಸ್ಟೇಗಳ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸುತ್ತೇವೆ. ನೀರು, ಶೌಚಾಲಯ ಎರಡೂ ಸಿಗುತ್ತವೆ. ನೆರಳಿನ ಆಸೆಗೆ ತೆಂಗಿನ ಮರದ ಕೆಳಗೆ ಎಂದೂ ನಿಲ್ಲಿಸಬಾರದು. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದ ಕಡೆಯಿಂದ ತಿರುಗುತ್ತದೆ. ಹಾಗಾಗಿ ಸಂಜೆಯ ತಂಪನ್ನು ನಂಬಿ ಪಡುವಣ ಕಿಟಕಿಯೊಂದನ್ನೇ ತೆರೆದರೆ ನಡುರಾತ್ರಿ ಸೆಕೆಗೆ ಎಚ್ಚರವಾಗುತ್ತದೆ. ಪೂರ್ವದ ಕಿಟಕಿಯೂ ತೆರೆದಿರಲಿ.

ನಿಜವಾದ ಪರೀಕ್ಷೆ ಘಟ್ಟದ ಮೇಲಿನದು. ಡಿಸೆಂಬರ್‌ನ ಶೃಂಗೇರಿ, ತೀರ್ಥಹಳ್ಳಿ ಕಡೆಯ ಇಬ್ಬನಿಯಲ್ಲಿ ಹೊರಗಿನ ಬಟ್ಟೆ ನೆನೆಯುವುದು ಎಲ್ಲರೂ ನಿರೀಕ್ಷಿಸುವ ಸಂಗತಿ. ಯಾರೂ ಹೇಳದಿರುವುದು ಹಾಸಿಗೆಯ ಅಡಿಯ ತೇವ. ಇಬ್ಬರ ಉಸಿರು ಮತ್ತು ಮೈಬಿಸಿಯ ಆವಿ ತಣ್ಣನೆಯ ಅಲ್ಯುಮಿನಿಯಂ ತಳಕ್ಕೆ ತಾಗಿ ಹನಿಗಟ್ಟುತ್ತದೆ. ಬೆಳಗ್ಗೆ ಫೋಮ್ ಎತ್ತಿ ನೋಡಿದರೆ ತಳದ ತುಂಬ ಸಾಸಿವೆ ಗಾತ್ರದ ಹನಿಗಳು. ಅವನ್ನು ಒಣಗಿಸದೆ ಟೆಂಟನ್ನು ಹಾಗೆಯೇ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಹೊಲಿಗೆಯ ಗುಂಟ ಬೂಷ್ಟಿನ ಕಪ್ಪು ಚುಕ್ಕಿಗಳು ಏಳುತ್ತವೆ, ಅವು ಮತ್ತೆ ಹೋಗುವುದಿಲ್ಲ. ಹಾಸಿಗೆಯಡಿಗೆ ಗಾಳಿಯಾಡುವ ಜಾಲರಿ ಚಾಪೆ ಹಾಸಿ, ಎದುರುಬದುರು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದಿಟ್ಟ ಮೇಲೆ ನಮ್ಮ ತೊಂದರೆ ಬಹುಮಟ್ಟಿಗೆ ತಗ್ಗಿತು. ಆದರೂ ಬಿಸಿಲೇರುವವರೆಗೆ ಕಾಫಿ ಕುಡಿಯುತ್ತಾ ಕಾಯುವುದೇ ಒಳ್ಳೆಯ ಉಪಾಯ, ಮತ್ತು ಅವಸರವಿಲ್ಲದ ದಂಪತಿಗೆ ಅದು ಶಿಕ್ಷೆಯೇನಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಒಯ್ಯುವ ಮಾತೇ ಬೇಡ. ಕಾರಿನಿಂದ ಇಳಿಸಿ ಮನೆಯಲ್ಲಿ ಬಿಚ್ಚಿಟ್ಟಿರಬೇಕು.

ಉಪ್ಪುಗಾಳಿಯ ಕೆಲಸ ನಿಧಾನ, ಆದರೆ ಕ್ರೂರ. ತುಕ್ಕು ಹಿಡಿಯುವುದಿಲ್ಲವೆಂದು ಹೇಳಿ ಕೊಟ್ಟಿದ್ದ ತಿರುಗಣಿಯ ಬೋಲ್ಟ್‌ಗಳು ಕಂದು ಬಣ್ಣಕ್ಕೆ ತಿರುಗಿದವು, ಮಾರಿದವರಿಂದ ಬದಲಿ ಬರಲಿಲ್ಲ. ಕೊನೆಗೆ ಹಾರ್ಡ್‌ವೇರ್ ಅಂಗಡಿಯ, ಉಪ್ಪಿನ ತುಕ್ಕನ್ನು ಹೆಚ್ಚು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್‌ಗಳು ಆ ಕೆಲಸ ಮಾಡಿದವು. ಕರಾವಳಿಯಿಂದ ಮರಳಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಝಿಪ್‌ಗೆ ಮೇಣದಬತ್ತಿ ಉಜ್ಜಿದರೆ ಅದು ಸಲೀಸಾಗಿ ಜಾರುತ್ತದೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲಿ, ಅಥವಾ ಅನುಮತಿಯಿಲ್ಲದೆ ಯಾವುದೇ ಕಾಡಿನಲ್ಲಿ, ಟೆಂಟ್ ಬಿಚ್ಚುವಂತಿಲ್ಲ. ಇದು ದಂಡದ ಭಯಕ್ಕಾಗಿ ಪಾಲಿಸುವ ನಿಯಮವಾಗಬಾರದು. ಆ ಕಾಡಿಗೆ ನಮ್ಮ ದೀಪವೂ ಬೇಕಿಲ್ಲ, ಸದ್ದೂ ಬೇಕಿಲ್ಲ.

ಏಣಿಯ ಬಗ್ಗೆ ಪತ್ನಿಯ ಆಕ್ಷೇಪ ನ್ಯಾಯವಾದದ್ದು. ರಾತ್ರಿ ಒಮ್ಮೆ ಇಳಿದು ಹತ್ತಬೇಕಾದರೆ ಇಬ್ಬನಿಯಿಂದ ಮೆಟ್ಟಿಲು ಜಾರುತ್ತದೆ, ಮಂಡಿನೋವಿರುವವರಿಗೆ ಇದು ಆಗುವ ಕೆಲಸವಲ್ಲ. ಇನ್ನೊಮ್ಮೆ ಕೊಳ್ಳುವುದಾದರೆ ಬಟ್ಟೆ ಹೊದಿಕೆಯದರ ಬದಲು ಗಟ್ಟಿ ಚಿಪ್ಪಿನ ಮಾದರಿಯನ್ನೇ ಆರಿಸುತ್ತೇವೆ. ಮಡಚುವ ಹೊತ್ತು ಅರ್ಧಕ್ಕಿಳಿಯುತ್ತದೆ. ಗೋಡೆಯ ಬಟ್ಟೆ ಮಾತ್ರ ಬರೀ ಪಾಲಿಯೆಸ್ಟರ್ ಆಗಿರದೆ, ಹತ್ತಿ ಬೆರೆತು ಉಸಿರಾಡುವಂಥದ್ದೇ ಆಗಿರಬೇಕು.